ಟಿವಿಯ ಚುಕ್ಕಿಗಳು ಮತ್ತು ಕೊನೆಯ ಬೆಂಚು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ‘ತಂತ್ರಜ್ಞಾನ ಮತ್ತು ಗ್ರಾಮೀಣ ಶಿಕ್ಷಣ’ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ. ಅಷ್ಟು ದೊಡ್ಡ ವಿಷಯದ ಮೇಲೆ ಮಾತಾಡುವವರು ನನಗಿಂತ ಚೆನ್ನಾಗಿ ಮಾತಾಡಲಿ. ಟಿವಿ ಕೊಳ್ಳುವಾಗ ಅದರ ಡಬ್ಬದ ಮೇಲೆ ಬರೆದಿರುವ ರೆಸಲ್ಯೂಷನ್ ಎಂಬುದನ್ನು ಹೇಗೆ ಓದಬೇಕು ಎಂಬ ಒಂದೇ ವಿಷಯವನ್ನು ನಾನು ಹೇಳುತ್ತೇನೆ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಊರಿನಿಂದ ನನಗೆ ಬರುವ ಫೋನುಗಳು. ನಾನು 2005ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಬಿಇ ಮಾಡಿ, ಬೆಂಗಳೂರಿನಲ್ಲಿ ಬ್ಯಾಂಕುಗಳ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತೇನೆ. ಟಿವಿಗೂ ನನಗೂ ಸಂಬಂಧವೇ ಇಲ್ಲ. ಆದರೂ ಹತ್ತಿ, ತೊಗರಿ ಮಾರಿ ಕೈಗೆ ನಾಲ್ಕು ಕಾಸು ಬಂದ ಕೂಡಲೇ ಫೋನ್ ಬರುತ್ತದೆ: “ತಮ್ಮಾ, ನೀ ಕಂಪ್ಯೂಟರ್ ಕಲ್ತಾವ, ಯಾವ ಟಿವಿ ತಗೋಬೇಕು ಹೇಳು.” ಒಬ್ಬ ಹಿರಿಯರು ಕೇಳಿದರು, “ಫೋರ್‌ಕೆ ಅಂತ ಬರ್ದಾರ, ನಾಕು ಸಾವಿರ ಕಡಿಮಿ ಮಾಡ್ತಾರೇನು?” ನೀವು ನಗುತ್ತೀರಿ, ಆದರೆ ಅವರ ಊಹೆ ಅರ್ಧ ಸರಿ. ಅಲ್ಲಿರುವ ‘ಕೆ’ ಎಂದರೆ ಸಾವಿರವೇ. ಯಾವುದರ ಸಾವಿರ ಎಂಬುದನ್ನು ಮಾತ್ರ ಅಂಗಡಿಯವರು ಅವರಿಗೆ ಹೇಳಿರಲಿಲ್ಲ.

ಎರಡನೆಯ ಕಾರಣ ನಿಮಗೆಲ್ಲ ಗೊತ್ತಿದೆ. ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳು ಕೂಡಿಸಿದ ಹಣದಲ್ಲಿ ಶಾಲೆಗೆ ಟಿವಿ ಕೊಡಿಸಬೇಕೆಂದು ತೀರ್ಮಾನವಾಗಿದೆ. ಆ ಪಟ್ಟಿಯನ್ನು ನಾನು ನೋಡಿದ್ದೇನೆ. ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿರುವ ನನ್ನ ಸಹಪಾಠಿಗಳು ಐನೂರು, ಇನ್ನೂರು ಎಂದು ಕಳಿಸಿದ ಹಣವೂ ಅದರಲ್ಲಿದೆ. ಸಮಿತಿಯವರ ಕೈಯಲ್ಲಿ ಈಗ ಎರಡು ಕೊಟೇಷನ್ ಇವೆ. ಒಂದರಲ್ಲಿ 43 ಇಂಚಿನ 4ಕೆ ಟಿವಿ ಎರಡು, ಒಂಬತ್ತನೆಯ ತರಗತಿಗೊಂದು, ಹತ್ತನೆಯದಕ್ಕೊಂದು. ಇನ್ನೊಂದರಲ್ಲಿ 65 ಇಂಚಿನದು ಒಂದೇ. ಹೆಚ್ಚುಕಡಿಮೆ ಒಂದೇ ಹಣ. ಯಾವುದು ಎಂದು ನಿರ್ಧರಿಸುವ ಮೊದಲು ನನ್ನ ಲೆಕ್ಕವನ್ನು ಕೇಳಿ ಎಂದು ನಾನೇ ಸಮಿತಿಯವರನ್ನು ಕೇಳಿಕೊಂಡೆ.

ರೆಸಲ್ಯೂಷನ್ ಎಂದರೆ ಏನು? ಕಸೂತಿ ಹಾಕುವ ತಾಯಂದಿರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ನವಿಲು ಹಾಕುವಾಗ ಪೆನ್ಸಿಲ್ಲಿನಿಂದ ಗೆರೆ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸುತ್ತಾರೆ. ಇಷ್ಟು ಎಳೆಗೆ ಒಂದು ಹೊಲಿಗೆ. ಎಳೆ ದಪ್ಪಗಿದ್ದರೆ ಒಂದು ಗೇಣಿನಲ್ಲಿ ಹೊಲಿಗೆ ಕಡಿಮೆ, ನವಿಲಿನ ಕೊಕ್ಕು ಮೊಂಡಾಗುತ್ತದೆ. ಎಳೆ ಸಣ್ಣಗಿದ್ದರೆ ಅದೇ ಗೇಣಿನಲ್ಲಿ ಹೊಲಿಗೆ ಹೆಚ್ಚು, ಕೊಕ್ಕು ಚೂಪಾಗಿ ಬರುತ್ತದೆ. ಟಿವಿಯ ಪರದೆಯೂ ಹೀಗೆಯೇ ಚುಕ್ಕಿಗಳ ಸಾಲು. ಒಂದೊಂದು ಚುಕ್ಕಿಗೆ ಪಿಕ್ಸೆಲ್ ಎನ್ನುತ್ತಾರೆ. ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಎಂಬ ಲೆಕ್ಕವೇ ರೆಸಲ್ಯೂಷನ್.

ಅಂಗಡಿಯಲ್ಲಿ ಸಿಗುವ ಲೆಕ್ಕಗಳು ಮೂರ್ನಾಲ್ಕು. ‘ಎಚ್‌ಡಿ ರೆಡಿ’ ಎಂದರೆ ಸಾಮಾನ್ಯವಾಗಿ ಅಡ್ಡಕ್ಕೆ 1366, ಉದ್ದಕ್ಕೆ 768. ‘ಫುಲ್ ಎಚ್‌ಡಿ’ ಎಂದರೆ 1920 × 1080, ಒಟ್ಟು ಸುಮಾರು 20 ಲಕ್ಷ 73 ಸಾವಿರ ಚುಕ್ಕಿ. ‘4ಕೆ’ ಅಥವಾ ‘ಅಲ್ಟ್ರಾ ಎಚ್‌ಡಿ’ ಎಂದರೆ 3840 × 2160, ಸುಮಾರು 83 ಲಕ್ಷ. ‘8ಕೆ’ ಎಂಬುದೂ ಇದೆ, 7680 × 4320. ಅದರ ಗೊಡವೆ ನಮಗೆ ಬೇಡ.

ಇಲ್ಲಿ ಹೆಸರಿನಲ್ಲೇ ಒಂದು ಕಣ್ಕಟ್ಟಿದೆ. ಫುಲ್ ಎಚ್‌ಡಿಗೆ 1080 ಎಂದು ಹೆಸರಿಡುವಾಗ ಉದ್ದದ ಚುಕ್ಕಿಗಳನ್ನು ಎಣಿಸಿದರು. 4ಕೆ ಎಂದು ಹೆಸರಿಡುವಾಗ ಅಡ್ಡದ ಚುಕ್ಕಿ ಎಣಿಸಿದರು. ಅದೂ ಪೂರ್ತಿ ನಾಲ್ಕು ಸಾವಿರವಿಲ್ಲ, 3840. ಹೊಲವನ್ನು ಒಂದು ಸಲ ಉದ್ದದಿಂದ, ಇನ್ನೊಂದು ಸಲ ಅಗಲದಿಂದ ಅಳೆದು, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದ ಹಾಗೆ. ಒಂದೇ ಕಡೆಯಿಂದ ಅಳೆದರೆ 4ಕೆ ಫುಲ್ ಎಚ್‌ಡಿಯ ಎರಡು ಪಟ್ಟು. ಎರಡೂ ಕಡೆ ಎರಡು ಪಟ್ಟಾದ್ದರಿಂದ ಒಟ್ಟು ಚುಕ್ಕಿ ನಾಲ್ಕು ಪಟ್ಟು. ಗಣಿತದ ಮೇಷ್ಟ್ರು ಇಲ್ಲೇ ಕುಳಿತಿದ್ದಾರೆ, ಬೇಕಾದರೆ ತಾಳೆ ನೋಡಲಿ.

ಇನ್ನು ಇಂಚು. 43 ಇಂಚು ಎಂದರೆ ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ, ಅಂದರೆ ಕರ್ಣ. ಎಂಟನೆಯ ತರಗತಿಯ ಮಕ್ಕಳು ಪೈಥಾಗೊರಸ್ ಹಾಕಿ ನೋಡಬಹುದು. ಅಗಲ ಎತ್ತರಗಳ ಅನುಪಾತ 16:9. ಆದ್ದರಿಂದ 43 ಇಂಚಿನ ಟಿವಿಯ ಪರದೆ ಸುಮಾರು 95 ಸೆಂಟಿಮೀಟರ್ ಅಗಲ, 53 ಸೆಂಟಿಮೀಟರ್ ಎತ್ತರ. 65 ಇಂಚಿನದು 144 ಸೆಂಟಿಮೀಟರ್ ಅಗಲ, 81 ಎತ್ತರ. ಇಂಚು ಎಷ್ಟೇ ಇದ್ದರೂ 4ಕೆ ಎಂದರೆ ಅಷ್ಟೇ ಚುಕ್ಕಿ. ಪರದೆ ದೊಡ್ಡದಾದರೆ ಚುಕ್ಕಿ ದೊಡ್ಡದಾಗುತ್ತದೆ, ಹೆಚ್ಚಾಗುವುದಿಲ್ಲ.

ಈಗ ಮುಖ್ಯ ಪ್ರಶ್ನೆ. ಚುಕ್ಕಿ ಹೆಚ್ಚಿದ್ದರೆ ಒಳ್ಳೆಯದು ಎಂಬುದು ಸರಿ. ಆದರೆ ಎಷ್ಟರವರೆಗೆ? ಇದಕ್ಕೆ ಉತ್ತರ ಟಿವಿಯಲ್ಲಿಲ್ಲ, ನಮ್ಮ ಕಣ್ಣಿನಲ್ಲಿದೆ. ಕಣ್ಣಿನ ಡಾಕ್ಟರ ಬಳಿ ಹೋದಾಗ ಗೋಡೆಯ ಮೇಲೆ ದೊಡ್ಡಕ್ಷರದಿಂದ ಸಣ್ಣಕ್ಷರದವರೆಗೆ ಒಂದು ಪಟ ನೋಡಿರುತ್ತೀರಿ. ಅದನ್ನು 1862ರಲ್ಲಿ ರೂಪಿಸಿದವರು ನೆದರ್ಲೆಂಡಿನ ಕಣ್ಣಿನ ವೈದ್ಯ ಸ್ನೆಲ್ಲೆನ್. 6 ಮೀಟರ್ ದೂರದಿಂದ ಓದಬೇಕಾದ ಸಾಲನ್ನು 6 ಮೀಟರಿನಿಂದಲೇ ಓದಿದರೆ ನಿಮ್ಮ ದೃಷ್ಟಿ 6/6. ಆ ಪಟದ ಹಿಂದಿರುವ ಲೆಕ್ಕ ಇಷ್ಟೇ. ಒಂದು ಡಿಗ್ರಿ ಕೋನವನ್ನು ಅರವತ್ತು ಭಾಗ ಮಾಡಿದರೆ ಒಂದು ಭಾಗಕ್ಕೆ ಒಂದು ನಿಮಿಷ ಎನ್ನುತ್ತಾರೆ. ಒಳ್ಳೆಯ ಕಣ್ಣು ಬೇರೆ ಬೇರೆಯಾಗಿ ಕಾಣಬಲ್ಲ ಅತಿ ಸಣ್ಣ ವಿವರ ಸುಮಾರು ಅಷ್ಟು. ನಮ್ಮ ಭಾಷೆಗೆ ತಂದರೆ, ಸ್ಕೇಲಿನ ಮೇಲಿನ ಒಂದು ಮಿಲಿಮೀಟರನ್ನು ಹನ್ನೊಂದು ಅಡಿ ದೂರದಿಂದ ನೋಡಿದಷ್ಟು. ಅದಕ್ಕಿಂತ ಸಣ್ಣದಾದರೆ ಎರಡು ಚುಕ್ಕಿ ಕೂಡಿ ಒಂದಾಗಿ ಕಾಣುತ್ತವೆ. ಓಣಿಯ ಆ ತುದಿಯಿಂದ ನೋಡಿದರೆ ದಪ್ಪ ಎಳೆಯ ಕಸೂತಿಗೂ ಸಣ್ಣ ಎಳೆಯದಕ್ಕೂ ವ್ಯತ್ಯಾಸ ಕಾಣದು ಎನ್ನುವುದು ಇದಕ್ಕೇ.

ನಮ್ಮ ಊರಿನ ಮನೆಗಳಲ್ಲಿ ಪಡಸಾಲೆಯ ಗೋಡೆಗೆ ಟಿವಿ, ಎದುರಿನ ಗೋಡೆಗೆ ಮಂಚ ಅಥವಾ ಕುರ್ಚಿ. ನಡುವೆ ಸುಮಾರು ಹತ್ತು ಅಡಿ. ಆ ದೂರದಿಂದ ಕಣ್ಣಿಗೆ ಬಿಡಿಯಾಗಿ ಕಾಣುವ ಅತಿ ಸಣ್ಣ ಚುಕ್ಕಿ ಸುಮಾರು 0.9 ಮಿಲಿಮೀಟರ್. 43 ಇಂಚಿನ 4ಕೆ ಟಿವಿಯ ಚುಕ್ಕಿ 0.25 ಮಿಲಿಮೀಟರ್. ಫುಲ್ ಎಚ್‌ಡಿಯದು 0.5. ಎಚ್‌ಡಿ ರೆಡಿಯದು 0.7. ಮೂರೂ 0.9ಕ್ಕಿಂತ ಸಣ್ಣವೇ. ಅಂದರೆ ಹತ್ತು ಅಡಿ ದೂರ ಕುಳಿತವರಿಗೆ 43 ಇಂಚಿನಲ್ಲಿ ಚುಕ್ಕಿಗಳ ಲೆಕ್ಕದಿಂದ ಮೂರಕ್ಕೂ ವ್ಯತ್ಯಾಸ ಕಾಣುವುದು ಕಷ್ಟ. 4ಕೆ ಟಿವಿಯಲ್ಲಿ ಫುಲ್ ಎಚ್‌ಡಿಗಿಂತ ಹೆಚ್ಚಿನ ವಿವರ ಕಾಣಬೇಕೆಂದರೆ ಐದೂವರೆ ಅಡಿಗಿಂತ ಹತ್ತಿರ ಕೂರಬೇಕು. ಹಾಗೆ ಕುಳಿತರೆ ಮನೆಯಲ್ಲಿ ಅಜ್ಜಿ ಬೈಯುತ್ತಾಳೆ.

6/6ಕ್ಕಿಂತ ಚುರುಕಾದ ಕಣ್ಣುಳ್ಳವರು ಇದ್ದಾರೆ, ಅವರಿಗೆ ಸ್ವಲ್ಪ ಹೆಚ್ಚು ಕಾಣಬಹುದು. 4ಕೆ ಟಿವಿಗಳಲ್ಲಿ ಬಣ್ಣ, ಬೆಳಕು ನೆರಳಿನ ವ್ಯತ್ಯಾಸ ಚೆನ್ನಾಗಿರುವ ಪ್ಯಾನೆಲ್ ಹಾಕಿರುವುದೂ ಉಂಟು. ಅದು ಕಣ್ಣಿಗೆ ಕಾಣುತ್ತದೆ, ಆದರೆ ಅದು ಚುಕ್ಕಿಗಳ ಗುಣವಲ್ಲ. ಟಿವಿಯನ್ನೇ ಕಂಪ್ಯೂಟರಿಗೆ ಪರದೆಯಾಗಿ ಜೋಡಿಸಿ ಎರಡು ಮೂರು ಅಡಿ ದೂರ ಕುಳಿತು ಕೆಲಸ ಮಾಡುವವರಿಗೆ 4ಕೆ ಖಂಡಿತ ಬೇಕು. ನಾನೇ ಆಫೀಸಿನಲ್ಲಿ ಅಂಥದ್ದರ ಮುಂದೆ ಕೂರುತ್ತೇನೆ.

ಇಷ್ಟು ಟಿವಿಯ ಮಾತಾಯಿತು. ಆ ಟಿವಿಯೊಳಗೆ ಏನು ಬರುತ್ತದೆ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಇಲ್ಲಿ ನಾನು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಏಕೆಂದರೆ ನಮ್ಮ ಶಾಲೆ ಹುಟ್ಟಿದ ವರ್ಷಕ್ಕೂ ಟಿವಿಗೂ ಒಂದು ನಂಟಿದೆ. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಪ್ರಯೋಗ ಶುರುವಾಯಿತು. ಅಮೆರಿಕದ ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು, ಇಸ್ರೋದವರು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ತಲುಪಿಸಿದರು. ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳು ಮೂರು: ಬಿಜಾಪುರ, ಗುಲ್ಬರ್ಗ ಮತ್ತು ನಮ್ಮ ರಾಯಚೂರು. ಕೋಳಿ ಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ ಹತ್ತು ಅಡಿಯ ಆಂಟೆನಾ, ಅದರ ಕೆಳಗೆ ಊರಿಗೆಲ್ಲ ಸೇರಿ ಒಂದು ಕಪ್ಪು ಬಿಳುಪು ಟಿವಿ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯದ ಮಾತು. ನಮ್ಮ ಊರಿಗೆ ಆ ಟಿವಿ ಬರಲಿಲ್ಲ. ಪಕ್ಕದ ಊರಿಗೆ ನಡೆದು ಹೋಗಿ ನೋಡಿ ಬಂದವರು ಈ ಸಭೆಯಲ್ಲಿ ಇದ್ದರೆ ಆಮೇಲೆ ನನಗೆ ಸಿಗಿ, ಕೇಳಬೇಕಾದ್ದು ಬಹಳ ಇದೆ.

ಆ ಕಾಲದಲ್ಲಿ ನಮ್ಮ ದೇಶದ ಟಿವಿ ಪದ್ಧತಿಯಲ್ಲಿ ಚಿತ್ರಕ್ಕೆ 625 ಗೆರೆ. ಅದರಲ್ಲಿ ಕಣ್ಣಿಗೆ ಕಾಣುವ ಗೆರೆಗಳು 576. 1982ರಲ್ಲಿ ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣ ಬಂತು, ಗೆರೆ ಅಷ್ಟೇ ಉಳಿಯಿತು. ಡಿಜಿಟಲ್ ಬಂತು, ಛಾವಣಿಗೆ ತಟ್ಟೆ ಬಂತು, ಸೆಟ್‌ಟಾಪ್ ಡಬ್ಬ ಬಂತು. ‘ಎಸ್‌ಡಿ’ ಎಂದು ಕರೆಯುವ ಚಾನೆಲ್ಲಿನಲ್ಲಿ ಇವತ್ತಿಗೂ ಉದ್ದಕ್ಕೆ 576 ಗೆರೆ, ಅಡ್ಡಕ್ಕೆ ಹೆಚ್ಚೆಂದರೆ 720 ಚುಕ್ಕಿ. ನಮ್ಮ ಊರಿನ ಎಷ್ಟೋ ಮನೆಗಳ ಮೇಲಿರುವ ಡಿಡಿ ಫ್ರೀ ಡಿಶ್‌ನಲ್ಲಿ ಬಹುಪಾಲು ಚಾನೆಲ್ಲುಗಳು ಎಸ್‌ಡಿಯವೇ.

720ನ್ನು 576ರಿಂದ ಗುಣಿಸಿ: 4,14,720. 4ಕೆ ಟಿವಿಯ 82,94,400ನ್ನು ಇದರಿಂದ ಭಾಗಿಸಿ. ಉತ್ತರ ಸರಿಯಾಗಿ 20. ಅಂದರೆ ಎಸ್‌ಡಿ ಚಾನೆಲ್ ಹಚ್ಚಿದಾಗ ಆ ಟಿವಿ ತೋರಿಸುವ ಪ್ರತಿ ಇಪ್ಪತ್ತು ಚುಕ್ಕಿಗಳಲ್ಲಿ ಬಂದದ್ದು ಒಂದು, ಉಳಿದ ಹತ್ತೊಂಬತ್ತನ್ನು ಟಿವಿಯೊಳಗಿನ ಚಿಪ್ಪು ಅಕ್ಕಪಕ್ಕದ ಚುಕ್ಕಿ ನೋಡಿ ಅಂದಾಜಿನಿಂದ ತುಂಬುತ್ತದೆ. ಇದಕ್ಕೆ ‘ಅಪ್‌ಸ್ಕೇಲಿಂಗ್’ ಎಂದು ದೊಡ್ಡ ಹೆಸರಿಟ್ಟಿದ್ದಾರೆ. ಒಳ್ಳೆಯ ಚಿಪ್ಪು ಚೆನ್ನಾಗಿಯೇ ತುಂಬುತ್ತದೆ, ಆದರೆ ಬಾರದ ವಿವರವನ್ನು ಯಾವ ಚಿಪ್ಪೂ ಹುಟ್ಟಿಸಲಾರದು. ಒಂದು ಸೇರು ಮಜ್ಜಿಗೆಗೆ ಹತ್ತೊಂಬತ್ತು ಸೇರು ನೀರು ಬೆರೆಸಿ ಎಲ್ಲರಿಗೂ ಲೋಟ ತುಂಬಿಸಿದ ಹಾಗೆ.

“ಹೊಸಾ ದೊಡ್ಡ ಟಿವಿ ತಂದ್ವಿ, ಹಳೇ ಡಬ್ಬಾ ಟಿವೀನೇ ಸ್ವಚ್ಛ ಕಾಣ್ತಿತ್ತು” ಎಂದು ಹಿರಿಯರು ಹೇಳಿದರೆ ಮಕ್ಕಳು ನಗುತ್ತಾರೆ. ನಗಬೇಡಿ, ಅವರು ಹೇಳುವುದು ನಿಜ. ಹಳೆಯ 21 ಇಂಚಿನ ಪಿಕ್ಚರ್ ಟ್ಯೂಬಿನ ಟಿವಿಯಲ್ಲಿ ಈ 720 ಚುಕ್ಕಿ ಹರಡಿಕೊಳ್ಳುತ್ತಿದ್ದುದು ಸುಮಾರು 43 ಸೆಂಟಿಮೀಟರ್ ಅಗಲದಲ್ಲಿ. ಒಂದೊಂದು ಚುಕ್ಕಿ 0.6 ಮಿಲಿಮೀಟರ್. ಹತ್ತು ಅಡಿಯಿಂದ ಕಣ್ಣಿನ ಅಳತೆ 0.9, ಹಾಗಾಗಿ ಚಿತ್ರ ಒಂದಾಗಿ, ಸ್ವಚ್ಛವಾಗಿ ಕಾಣುತ್ತಿತ್ತು. ಅದೇ ಚಾನೆಲ್ಲನ್ನು 43 ಇಂಚಿನಲ್ಲಿ ಹಚ್ಚಿದರೆ ಒಂದೊಂದು ಮೂಲ ಚುಕ್ಕಿ 1.3 ಮಿಲಿಮೀಟರಿಗೆ ಹಿಗ್ಗುತ್ತದೆ. ಮಂಜು ಮಂಜಾಗಿ ಕಾಣದೆ ಇನ್ನೇನು? 65 ಇಂಚಿನಲ್ಲಿ ಎರಡು ಮಿಲಿಮೀಟರ್. ಎಸ್‌ಡಿ ಚಾನೆಲ್ ಮಾತ್ರ ನೋಡುವ ಮನೆಗೆ 32 ಇಂಚು ಸಾಕು ಎಂದು ನಾನು ಫೋನಿನಲ್ಲಿ ಹೇಳಿದಾಗ ಜಿಪುಣ ಎಂದುಕೊಂಡವರು ಇದ್ದಾರೆ. ಕಾರಣ ಈ ಲೆಕ್ಕ.

ಹಾಗಾದರೆ ಮೊಬೈಲಿನ ನೆಟ್ ಹಚ್ಚಿ 4ಕೆ ಸಿನಿಮಾ ನೋಡಬಹುದಲ್ಲ? ನೋಡಬಹುದು, ಕಿಸೆ ಗಟ್ಟಿಯಿದ್ದರೆ. ನೆಟ್‌ಫ್ಲಿಕ್ಸ್‌ನವರೇ ಹೇಳುವ ಪ್ರಕಾರ ಫುಲ್ ಎಚ್‌ಡಿಗೆ ಸೆಕೆಂಡಿಗೆ 5 ಮೆಗಾಬಿಟ್, 4ಕೆಗೆ 15 ಮೆಗಾಬಿಟ್ ವೇಗ ಬೇಕು. ಬಿಟ್ಟು ಎಂಟಾದರೆ ಒಂದು ಬೈಟು. ಆ ವೇಗದಲ್ಲಿ ಹರಿದರೆ ಫುಲ್ ಎಚ್‌ಡಿಗೆ ಗಂಟೆಗೆ ಸುಮಾರು ಎರಡೂಕಾಲು ಜಿಬಿ, 4ಕೆಗೆ ಆರೂಮುಕ್ಕಾಲು ಜಿಬಿ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿದವರ ನೆಟ್ 4ಕೆಯಲ್ಲಿ ಹದಿಮೂರು ನಿಮಿಷಕ್ಕೆ ಮುಗಿಯುತ್ತದೆ. ನಾಯಕ ಇನ್ನೂ ಪರದೆಗೆ ಬಂದಿರುವುದಿಲ್ಲ.

ಅಂಗಡಿಯಲ್ಲಿ ಇದ್ಯಾವುದೂ ಗೊತ್ತಾಗುವುದಿಲ್ಲ. ಅಲ್ಲಿ ಟಿವಿಯ ಹಿಂದೆ ಒಂದು ಪೆನ್‌ಡ್ರೈವ್ ಚುಚ್ಚಿರುತ್ತಾರೆ. ಅದರಲ್ಲಿ 4ಕೆಯಲ್ಲೇ ತೆಗೆದ ಸಮುದ್ರ, ಗಿಳಿ, ಹಣ್ಣು. ಬಣ್ಣ, ಬೆಳಕು ಎಲ್ಲ ಮೇಲಕ್ಕೇರಿಸಿರುತ್ತಾರೆ. ನೀವು ನಿಂತಿರುವುದು ಮೂರು ಅಡಿ ದೂರದಲ್ಲಿ. ಅಲ್ಲಿ ಖಂಡಿತ ಚೆಂದ ಕಾಣುತ್ತದೆ, ಕಾಣಲೇಬೇಕು. ನೀವು ಮಾಡಬೇಕಾದ್ದು ಇಷ್ಟು. ಆ ಪೆನ್‌ಡ್ರೈವ್ ತೆಗೆಸಿ, ನಿಮ್ಮ ಮನೆಯಲ್ಲಿ ಬರುವಂಥ ಚಾನೆಲ್ ಹಚ್ಚಲು ಹೇಳಿ. ನಿಮ್ಮ ಮನೆಯಲ್ಲಿ ಕೂರುವಷ್ಟೇ ದೂರ ಹಿಂದೆ ಸರಿದು ನಿಂತು ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ, ಹಣ ನಿಮ್ಮದು.

ಡಬ್ಬದ ಮೇಲಿನ ಬರಹದಲ್ಲಿಯೂ ಎಚ್ಚರ ಬೇಕು. ‘4ಕೆ ಸಪೋರ್ಟ್’, ‘1080 ಸಪೋರ್ಟ್’ ಎಂದು ಬರೆದಿದ್ದರೆ ಅಂಥ ವಿಡಿಯೊವನ್ನು ಒಳಗೆ ತೆಗೆದುಕೊಳ್ಳುತ್ತದೆ ಎಂದಷ್ಟೇ ಅರ್ಥ. ತೆಗೆದುಕೊಂಡು ತನ್ನಲ್ಲಿರುವ ಕಡಿಮೆ ಚುಕ್ಕಿಗಳಿಗೆ ಕುಗ್ಗಿಸಿ ತೋರಿಸಬಹುದು. ನೋಡಬೇಕಾದ ಸಾಲು ‘ಡಿಸ್‌ಪ್ಲೇ ರೆಸಲ್ಯೂಷನ್’ ಅಥವಾ ‘ಪ್ಯಾನೆಲ್ ರೆಸಲ್ಯೂಷನ್’. ಅಲ್ಲಿ 3840 × 2160 ಎಂದಿದ್ದರೆ ಅದು 4ಕೆ. 1366 × 768 ಎಂದಿದ್ದರೆ ಮುಂದೆ ಎಷ್ಟು ಬಂಗಾರದ ಅಕ್ಷರದಲ್ಲಿ ಏನೇ ಬರೆದಿದ್ದರೂ ಅದು ಎಚ್‌ಡಿ ರೆಡಿ. ಎಚ್‌ಡಿ ಸೆಟ್‌ಟಾಪ್ ಡಬ್ಬ ಇರುವವರು ಅದನ್ನು ಎಚ್‌ಡಿಎಂಐ ಕೇಬಲ್ಲಿನಿಂದಲೇ ಜೋಡಿಸಿ. ಕೆಂಪು, ಬಿಳಿ, ಹಳದಿ ಮೂರು ಬಣ್ಣದ ಹಳೆಯ ವೈರಿನಲ್ಲಿ ಜೋಡಿಸಿದರೆ ಎಚ್‌ಡಿಗೆ ಕೊಟ್ಟ ದುಡ್ಡು ಅಲ್ಲಿಯೇ ನಿಂತುಬಿಡುತ್ತದೆ. ನಾನು ನೋಡಿದ ನಾಲ್ಕಾರು ಮನೆಗಳಲ್ಲಿ ಹಾಗೆಯೇ ಇತ್ತು. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹಳೆಯ ಬೆಲೆಯ ಚೀಟಿ ಹಿಡಿದು ಚೌಕಾಸಿಗೆ ಕೂರಬೇಡಿ.

ಈಗ ನಮ್ಮ ಶಾಲೆಯ ಟಿವಿಗೆ ಬರುತ್ತೇನೆ. ನಿನ್ನೆ ಸಂಜೆ ಜವಾನರಿಂದ ಬೀಗದ ಕೈ ಪಡೆದು, ಟೇಪು ಹಿಡಿದು ಹತ್ತನೆಯ ತರಗತಿಯ ಕೋಣೆ ಅಳೆದೆ. ಕರಿಹಲಗೆಯ ಗೋಡೆಯಿಂದ ಮೊದಲ ಬೆಂಚಿಗೆ 7 ಅಡಿ. ಕೊನೆಯ ಬೆಂಚಿಗೆ 23 ಅಡಿ, ಅಂದರೆ 7 ಮೀಟರ್. ಏಳು ಮೀಟರಿನಿಂದ ಕಣ್ಣಿಗೆ ಬಿಡಿಯಾಗಿ ಕಾಣುವ ಅತಿ ಸಣ್ಣ ಚುಕ್ಕಿ ಎರಡು ಮಿಲಿಮೀಟರ್. ಹಾಗಾದರೆ 95 ಸೆಂಟಿಮೀಟರ್ ಅಗಲದ ಪರದೆಯಲ್ಲಿ ಕೊನೆಯ ಬೆಂಚಿನ ಹುಡುಗನಿಗೆ ಅಡ್ಡಕ್ಕೆ ಕಾಣುವುದು ಸುಮಾರು 470 ಚುಕ್ಕಿ ಮಾತ್ರ. 1975ರ ಟಿವಿಯ ಕಾಲದಿಂದ ಬಂದ ಎಸ್‌ಡಿಯ 720ಕ್ಕಿಂತ ಕಡಿಮೆ. ನಾವು 3840ಕ್ಕೆ ದುಡ್ಡು ಕೊಟ್ಟು ಅವನಿಗೆ 470 ತೋರಿಸುತ್ತೇವೆ.

ಅವನಿಗೆ ಬೇಕಾದ್ದು ದೊಡ್ಡ ಅಕ್ಷರ. ಇಲ್ಲಿ ಕನ್ನಡದ್ದೇ ಆದ ಒಂದು ತೊಡಕಿದೆ. ಸ್ನೆಲ್ಲೆನ್ ಪಟದ ಲೆಕ್ಕದಲ್ಲಿ ಅಕ್ಷರವನ್ನು ಗುರುತಿಸಲು ಅದರ ಎತ್ತರ ಐದು ನಿಮಿಷದ ಕೋನವಾದರೂ ಇರಬೇಕು. ಏಳು ಮೀಟರಿನಿಂದ ಅದು ಒಂದು ಸೆಂಟಿಮೀಟರ್. ಇಂಗ್ಲಿಷ್ ದೊಡ್ಡಕ್ಷರಕ್ಕೆ ಅಷ್ಟು ಸಾಕು. ಆದರೆ ನಮ್ಮಲ್ಲಿ ಅಕ್ಷರದ ಕೆಳಗೆ ಒತ್ತಕ್ಷರ ಇರುತ್ತದೆ, ಅದು ಮೂಲ ಅಕ್ಷರದ ಅರ್ಧದಷ್ಟು. ‘ಕತೆ’ ಮತ್ತು ‘ಕತ್ತೆ’ಯ ನಡುವಿನ ವ್ಯತ್ಯಾಸವೆಲ್ಲ ಆ ಒತ್ತಿನಲ್ಲಿದೆ. ಒತ್ತೇ ಒಂದು ಸೆಂಟಿಮೀಟರ್ ಇರಬೇಕೆಂದರೆ ಅಕ್ಷರ ಎರಡು ಸೆಂಟಿಮೀಟರ್, ಒತ್ತು ಒಂದು, ಸಾಲುಗಳ ನಡುವಿನ ಜಾಗ ಎರಡು. ಒಂದು ಸಾಲಿಗೆ ಐದು ಸೆಂಟಿಮೀಟರ್ ಆಯಿತು. 43 ಇಂಚಿನ ಟಿವಿಯ ಎತ್ತರ 53 ಸೆಂಟಿಮೀಟರ್, ಹತ್ತು ಸಾಲು. 65 ಇಂಚಿನದರಲ್ಲಿ ಹದಿನಾರು ಸಾಲು. ಇದೂ ಕಣ್ಣು ಕಿರಿದು ಮಾಡಿ ಗುರುತಿಸುವ ಅಂಚಿನ ಲೆಕ್ಕ. ನಲವತ್ತು ನಿಮಿಷ ಆರಾಮಾಗಿ ಓದಿ ಬರೆದುಕೊಳ್ಳಬೇಕೆಂದರೆ ಅಕ್ಷರ ಇದರ ಎರಡರಷ್ಟಿರಬೇಕು. ಆಗ 43 ಇಂಚಿನಲ್ಲಿ ಐದು ಸಾಲು, 65 ಇಂಚಿನಲ್ಲಿ ಎಂಟು.

ಈ ಲೆಕ್ಕ ಮಾಡುವಾಗ ನನಗೆ ನನ್ನ ಜೊತೆ ಎಂಟನೆಯ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗ ನೆನಪಾದ. ಎತ್ತರದ ಹುಡುಗ, ಅದಕ್ಕೇ ಹಿಂದೆ. ಹಲಗೆಯ ಮೇಲಿನದನ್ನು ಅವನು ನನ್ನ ಪಟ್ಟಿ ನೋಡಿ ಬರೆದುಕೊಳ್ಳುತ್ತಿದ್ದ. ಬಾಯಿಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದು, ಸಂತೆಯಲ್ಲಿ ಅವನ ಅಪ್ಪನಿಗೆ ಅವನೇ ಕ್ಯಾಲ್ಕುಲೇಟರ್. ಪರೀಕ್ಷೆಯಲ್ಲಿ ಹಲಗೆಯ ಮೇಲೆ ಬರೆದ ಪ್ರಶ್ನೆಯನ್ನೇ ತಪ್ಪು ಇಳಿಸಿಕೊಂಡು ತಪ್ಪು ಉತ್ತರ ಬರೆಯುತ್ತಿದ್ದ. ದಡ್ಡ ಎಂದು ಹೆಸರು ಬಿತ್ತು. ಒಂಬತ್ತಕ್ಕೆ ಅವನು ಬರಲಿಲ್ಲ. ಮೂವತ್ತು ದಾಟಿದ ಮೇಲೆ ಲಾರಿ ಲೈಸೆನ್ಸಿಗೆಂದು ಕಣ್ಣು ತೋರಿಸಿದಾಗ ಚಷ್ಮಾ ಬಂತು. “ಗಿಡದಾಗ ಎಲಿ ಬ್ಯಾರೆ ಬ್ಯಾರೆ ಕಾಣ್ತಾವಲ್ಲೋ” ಎಂದು ನನಗೆ ಫೋನು ಮಾಡಿದ್ದ. ಈ ಮಹೋತ್ಸವಕ್ಕೆ ಅವನೂ ಹಣ ಕಳಿಸಿದ್ದಾನೆ.

6/12 ದೃಷ್ಟಿಯ ಮಗುವಿಗೆ ಅಕ್ಷರ ಎರಡು ಪಟ್ಟು ದೊಡ್ಡದಿರಬೇಕು. ನಾನು ಈಗ ತಾನೇ ಆರಾಮಿನ ಓದಿಗೆಂದು ಹೇಳಿದ ಐದು ಸಾಲು, ಎಂಟು ಸಾಲಿನ ಲೆಕ್ಕವೇ ಆ ಮಗುವಿಗೆ ಕಡೆಯ ಅಂಚು. 43 ಇಂಚಿನಲ್ಲಿ ಐದು ಸಾಲಿಗಿಂತ ಹೆಚ್ಚು ಬಂದ ಕೂಡಲೇ ಆ ಮಗು ಪಾಠದಿಂದ ಹೊರಗೆ. ನಮ್ಮ ಮೇಷ್ಟ್ರುಗಳು ತಾವೇ ಮಾಡಿದ ಪುಟಗಳಲ್ಲಿ ಐದೇ ಸಾಲು ಬರೆಯಬಹುದು. ಆದರೆ ಬೇರೆ ಕಡೆಯಿಂದ ಬರುವ ಪಾಠದ ವಿಡಿಯೊಗಳಲ್ಲಿ, ನಕಾಶೆಗಳಲ್ಲಿ, ಹೃದಯದ ಚಿತ್ರದ ಭಾಗಗಳ ಹೆಸರುಗಳಲ್ಲಿ ಅಕ್ಷರದ ಗಾತ್ರ ನಮ್ಮ ಕೈಯಲ್ಲಿಲ್ಲ. ಅಲ್ಲಿ ಪರದೆಯ ಎತ್ತರವೊಂದೇ ದಾರಿ.

ಆದ್ದರಿಂದ ನನ್ನ ಅಭಿಪ್ರಾಯ, 65 ಇಂಚಿನದು ಒಂದೇ ತನ್ನಿ. ಎರಡು ಕೋಣೆಗೆ ಎರಡು ಟಿವಿ ಎಂದರೆ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ನಾಮಫಲಕವೂ ಎರಡಾಗುತ್ತದೆ. ಆದರೆ ಎರಡೂ ಕೋಣೆಯಲ್ಲಿ ಹಿಂದಿನ ಮೂರು ಬೆಂಚು ಕತ್ತಲಲ್ಲಿ ಉಳಿಯುತ್ತವೆ. ಒಂದು ಕೋಣೆಯನ್ನು ಟಿವಿ ಕೋಣೆ ಮಾಡಿ, ಎರಡೂ ತರಗತಿಗಳು ವೇಳಾಪಟ್ಟಿ ಹಾಕಿಕೊಂಡು ಬರಲಿ. ಬೆಂಚುಗಳನ್ನು ಆ ಕೋಣೆಯಲ್ಲಿ ಅಡ್ಡಲಾಗಿ ಹರಡಿ, 23 ಅಡಿಯನ್ನು 17ಕ್ಕೆ ಇಳಿಸಲು ಸಾಧ್ಯವಿದೆ, ನಾನು ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಿ ಬಂದಿದ್ದೇನೆ. ಹಾಗಾದರೆ 4ಕೆಯ ಗತಿ ಏನು ಎನ್ನುತ್ತೀರಾ? 65 ಇಂಚಿನಲ್ಲಿ ಇವತ್ತು ಅಂಗಡಿಯಲ್ಲಿ ಸಿಗುವುದೆಲ್ಲ ಹೆಚ್ಚುಕಡಿಮೆ 4ಕೆಯೇ. ಮೊದಲ ಬೆಂಚಿನವರಿಗೆ ಅದು ಸ್ವಲ್ಪ ಉಪಯೋಗಕ್ಕೂ ಬರುತ್ತದೆ. ಅದಕ್ಕೆಂದು ಬೇರೆ ಹಣ ಕೊಡಬೇಕಿಲ್ಲ. ಪ್ರೊಜೆಕ್ಟರ್ ತರೋಣ ಎಂದವರೂ ಇದ್ದಾರೆ. ನಮ್ಮ ಕೋಣೆಗೆ ಎರಡೂ ಕಡೆ ಕಿಟಕಿ, ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತು. ಹಗಲು ಅದು ಕಾಣುವಂತಾಗಲು ಪರದೆ ಎಳೆದು ಮಕ್ಕಳನ್ನು ಬೇಯಿಸಬೇಕು.

ಹಾಕುವಾಗ ಎರಡು ಮಾತು ನೆನಪಿಡಿ. ಕಿಟಕಿಯ ಎದುರು ಗೋಡೆಗೆ ಬೇಡ, ಬೆಳಕು ಪ್ರತಿಫಲಿಸುತ್ತದೆ. ಮುಂದಿನವರ ತಲೆ ಅಡ್ಡ ಬಾರದಷ್ಟು ಮೇಲಿರಲಿ, ಕುತ್ತಿಗೆ ನೋಯುವಷ್ಟು ಬೇಡ. ಲ್ಯಾಪ್‌ಟಾಪ್ ಜೋಡಿಸಿದಾಗ ಚಿತ್ರದ ಅಂಚು ಕತ್ತರಿಸಿದಂತೆ ಕಂಡರೆ ಟಿವಿಯ ಪಿಕ್ಚರ್ ಸೆಟ್ಟಿಂಗಿನಲ್ಲಿ ‘ಓವರ್‌ಸ್ಕ್ಯಾನ್’ ಆಫ್ ಮಾಡಬೇಕು. ಆ ಕೆಲಸಕ್ಕೆ ಮೆಕ್ಯಾನಿಕ್ಕಿಗೆ ದುಡ್ಡು ಕೊಡಬೇಡಿ, ಫೋನ್ ಮಾಡಿ.

ಟಿವಿಯ ಹಣದಲ್ಲಿ ಸ್ವಲ್ಪ ಉಳಿಯುವ ಸಂಭವವಿದೆ. ಅದರಲ್ಲಿ ಒಂದು ಕನ್ನಡ ಅಕ್ಷರದ ದೃಷ್ಟಿ ಪಟ ತಂದು, ವರಾಂಡದಲ್ಲಿ ಆರು ಮೀಟರಿಗೆ ಒಂದು ಗೆರೆ ಎಳೆಯೋಣ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಶಾಲೆಗಳಿಗೆ ಬಂದು ಕಣ್ಣು ಸೇರಿ ಎಲ್ಲ ತಪಾಸಣೆ ಮಾಡುತ್ತದೆ. ಅವರು ಬರುವ ಮೊದಲೇ ಯಾರು ಯಾವ ಸಾಲಿಗೆ ನಿಂತುಬಿಡುತ್ತಾರೆ ಎಂದು ತರಗತಿ ಶಿಕ್ಷಕರು ಒಂದು ಪಟ್ಟಿ ಮಾಡಿಟ್ಟರೆ ಅವರ ಕೆಲಸ ಬೇಗ ಆಗುತ್ತದೆ. ಪಟ್ಟಿಯಲ್ಲಿ ಬರುವ ಮಕ್ಕಳಿಗೆ ಚಷ್ಮಾ ಸಿಗುವುದು ತಡವಾದರೆ ಆ ಖರ್ಚು ನಮ್ಮ 2005ರ ಬ್ಯಾಚಿನದು. ಇದನ್ನು ಗೆಳೆಯರೊಡನೆ ಮಾತಾಡಿಯೇ ಹೇಳುತ್ತಿದ್ದೇನೆ.

ಸಮಿತಿಯ ಸಭೆ ಊಟದ ನಂತರ ಮೂರು ಗಂಟೆಗೆ ಇದೆ ಎಂದು ತಿಳಿಸಿದ್ದಾರೆ. ಅದಕ್ಕೂ ಮೊದಲು ಅನುಮಾನ ಇದ್ದವರು ಹತ್ತನೆಯ ತರಗತಿಯ ಕೋಣೆಗೆ ಬನ್ನಿ. ಗೋಡೆಗೆ 43 ಇಂಚಿನದೊಂದು, 65 ಇಂಚಿನದೊಂದು ರಟ್ಟು ಅಂಟಿಸಿದ್ದೇನೆ, ಎರಡರ ಮೇಲೂ ಸಮಾಜ ಪುಸ್ತಕದ ಒಂದೇ ಪುಟವನ್ನು ಅದರದರ ಅಳತೆಗೆ ದೊಡ್ಡದು ಮಾಡಿ ಹಚ್ಚಿದೆ. ಕೊನೆಯ ಬೆಂಚಿನಲ್ಲಿ ಕುಳಿತು ಎರಡನ್ನೂ ಓದಿ. ಚಷ್ಮಾ ಹಾಕುವವರು ಅದನ್ನು ತೆಗೆದು ಇನ್ನೊಮ್ಮೆ ಓದಿ. ಆಮೇಲೆ ಸಭೆಗೆ ಹೋಗೋಣ.